ಪಾಲಿಸಿಯಲ್ಲಿದ್ದ ಎರಡು ತಾರೀಕು: ಗಾಡಿ, ರಸ್ತೆ ಮತ್ತು ನಮ್ಮ ಇಂಗ್ಲಿಷ್

ಬಸ್ಸಿನ ಕಿಟಕಿ ಸೀಟಿನಲ್ಲಿ ಇಯರ್‌ಫೋನ್ ಹಾಕಿ ಕೂತವರಿಗೂ, ಅಡುಗೆಮನೆಯಲ್ಲಿ ಮೊಬೈಲನ್ನು ಡಬ್ಬಕ್ಕೆ ಒರಗಿಸಿಟ್ಟು ಕೇಳ್ತಾ ಇರುವವರಿಗೂ ನಮಸ್ಕಾರ. ನಾನು ವಾಮದಪದವಿನ ನಮ್ಮ ಮನೆಯಿಂದಲೇ ಮಾತಾಡ್ತಾ ಇದ್ದೇನೆ. ಹೊರಗೆ ಜೋರು ಮಳೆ ಉಂಟು. ಹಂಚಿನ ಮೇಲೆ ಬೀಳುವ ಶಬ್ದ ಮಧ್ಯೆ ಮಧ್ಯೆ ಕೇಳಿದರೆ ಸ್ವಲ್ಪ ಸುಧಾರಿಸಿಕೊಳ್ಳಿ.

ಇಂಗ್ಲಿಷ್ ಪದಗಳ ಬಗ್ಗೆ ಒಂದು ಎಪಿಸೋಡ್ ಮಾಡಿ ಅಂತ ಕೆಲವರು ಕೇಳಿದ್ರಿ. ಅದರಲ್ಲೂ ಗಾಡಿ, ಡ್ರೈವಿಂಗ್, ಪ್ರಯಾಣ, ಇದಕ್ಕೆ ಸಂಬಂಧಪಟ್ಟ ಸ್ವಲ್ಪ ಮೇಲ್ಮಟ್ಟದ ಪದಗಳು ಬೇಕು ಅಂತ. ಇಂಟರ್‌ವ್ಯೂಗೆ ಬೇಕು, ಗಲ್ಫಿಗೆ ಹೋಗುವವರಿಗೆ ಬೇಕು, ಸರಿ. ಆದರೆ ಐವತ್ತು ಪದ ಪಟ್ಟಿ ಮಾಡಿ ಓದಿದರೆ ನಿಮಗೂ ನಿದ್ದೆ, ನನಗೂ ನಿದ್ದೆ. ಹಾಗಾಗಿ ಇವತ್ತು ಕೆಲವೇ ಪದ ಹೇಳ್ತೇನೆ. ಅದರಲ್ಲಿ ಒಂದೆರಡು ಪದ ಗೊತ್ತಿಲ್ಲದೆ ನಾನು ಕಳೆದುಕೊಂಡದ್ದು ಎಂತ ಅಂತಲೂ ಹೇಳ್ತೇನೆ.

ಮೊದಲು ಒಂದು ಧೈರ್ಯದ ಮಾತು. ಗಾಡಿಯ ಇಂಗ್ಲಿಷ್ ನಮಗೆ ಹೊಸತಲ್ಲ. ನಮ್ಮ ಸರ್ವಿಸ್ ಬಸ್ಸಿನ ಕಂಡಕ್ಟರ್ ಬೆಳಿಗ್ಗೆಯಿಂದ ರಾತ್ರಿವರೆಗೆ ಎಂತ ಹೇಳ್ತಾನೆ? ನಿಲ್ಲಿಸಲಿಕ್ಕೆ 'ಹೋಲ್ಡಾನ್', ಹೊರಡಲಿಕ್ಕೆ 'ರೈಟ್, ಪೋಯಿ'. ಅರ್ಧ ಇಂಗ್ಲಿಷ್, ಅರ್ಧ ತುಳು. ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗನಿಗೆ ಕ್ಲಚ್, ಗೇರ್, ಬೇರಿಂಗ್, ಸೈಲೆನ್ಸರ್ ಅಂತ ನೂರು ಪದ ಬಾಯಲ್ಲಿ ಉಂಟು. 'ನನಗೆ ಇಂಗ್ಲಿಷ್ ಬರುವುದಿಲ್ಲ' ಅಂತ ಅವನೇ ಹೇಳ್ತಾನೆ, ಅದು ಬೇರೆ ವಿಷಯ.

'ಸ್ಟೆಪ್ನಿ' ತೆಗೊಳ್ಳಿ. ಪಂಚರ್ ಆದರೆ ಹಾಕುವ ಹೆಚ್ಚುವರಿ ಚಕ್ರ. ಅದು ನಮ್ಮೂರಿನವರು ತಪ್ಪಾಗಿ ಹೇಳುವ ಪದ ಅಂತ ನಾನು ತುಂಬಾ ದಿವಸ ತಿಳಿದುಕೊಂಡಿದ್ದೆ. ಅಲ್ಲ ಮಾರ್ರೆ. ಮೊದಮೊದಲು ಬಂದ ಕಾರುಗಳಿಗೆ ಹೆಚ್ಚುವರಿ ಚಕ್ರವೇ ಇರಲಿಲ್ಲ. 1904ರಲ್ಲಿ ಬ್ರಿಟನ್ನಿನ ವೇಲ್ಸ್‌ನ ಲಾನೆಲ್ಲಿ ಎಂಬ ಊರಿನಲ್ಲಿ ಡೇವಿಸ್ ಅಂತ ಅಣ್ಣತಮ್ಮಂದಿರು ಅಂಥದ್ದೊಂದು ಚಕ್ರ ಮಾಡಿ ಮಾರಿದರು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಸ್ಟ್ರೀಟ್‌ನಲ್ಲಿ. ಬೀದಿಯ ಹೆಸರೇ ಚಕ್ರಕ್ಕೆ ಬಂತು. ಈಗ ಇಂಗ್ಲೆಂಡಿನವರೇ ಅದನ್ನು ಮರೆತಿದ್ದಾರೆ, ಅವರಿಗೆ 'ಸ್ಪೇರ್ ವೀಲ್' ಅಂದರೆ ಮಾತ್ರ ಗೊತ್ತು. ನಮ್ಮ ಪಿಕಪ್ ಡ್ರೈವರ್‌ಗಳ ಬಾಯಲ್ಲಿ ಅದು ಇನ್ನೂ ಉಳಿದಿದೆ. 'ಡಿಕ್ಕಿ'ಯೂ ಹಾಗೆಯೇ. ಹಳೆಯ ಕಾರುಗಳ ಹಿಂಬದಿ ಮಡಚುವ ಒಂದು ಸೀಟಿತ್ತು, ಅದನ್ನು ಡಿಕ್ಕಿ ಸೀಟ್ ಅಂತಿದ್ದರು. ಸೀಟು ಹೋಯಿತು, ಹೆಸರು ಉಳಿಯಿತು.

ಹಾಗಾದರೆ ಇವು ಸರಿಯಾದ ಪದಗಳಾ? ಊರಿನಲ್ಲಿ ಸರಿ. ಹೊರದೇಶದಲ್ಲಿ ಹೇಳಿದರೆ ಎದುರಿದ್ದವರಿಗೆ ಅರ್ಥ ಆಗುವುದಿಲ್ಲ. ಡಿಕ್ಕಿಗೆ ಬ್ರಿಟಿಷರು 'ಬೂಟ್' ಅಂತಾರೆ, ಅಮೆರಿಕದವರು 'ಟ್ರಂಕ್' ಅಂತಾರೆ. ಮುಂದಿನ ಬಾನೆಟ್ ಅಮೆರಿಕದಲ್ಲಿ 'ಹುಡ್'. ಸೈಲೆನ್ಸರ್ ಅಲ್ಲಿ 'ಮಫ್ಲರ್'. ನಮಗೆ ಮಫ್ಲರ್ ಅಂದರೆ ಚಳಿಗೆ ಕುತ್ತಿಗೆಗೆ ಸುತ್ತುವ ಬಟ್ಟೆ. ಇದೆಲ್ಲ ತಪ್ಪಿದರೆ ನಗಾಡ್ತಾರೆ ಅಷ್ಟೆ, ಬೇರೆಂತ ಆಗುವುದಿಲ್ಲ. ಒಂದು ಪದ ಮಾತ್ರ ಜಾಗ್ರತೆ: 'ಪೇವ್‌ಮೆಂಟ್'. ಬ್ರಿಟಿಷರಿಗೆ ಅದು ನಡೆಯುವ ಫುಟ್‌ಪಾತ್. ಅಮೆರಿಕದವರಿಗೆ ಅದು ಗಾಡಿ ಓಡುವ ಡಾಮರು, ಕಾಂಕ್ರೀಟು. 'ಪೇವ್‌ಮೆಂಟಿನಲ್ಲೇ ನಡಿ' ಅಂತ ಒಬ್ಬ ಹೇಳಿದರೆ ಯಾವ ದೇಶದವ ಅಂತ ಮೊದಲು ಕೇಳಿ.

ಇನ್ನು ನನ್ನ ಮೊದಲ ಮರ್ಯಾದೆ ಹೋದ ಕಥೆ. ಬಿಕಾಂ ಮುಗಿಸಿ ಮಂಗಳೂರಿನಲ್ಲಿ ಒಂದು ಅಕೌಂಟ್ಸ್ ಕೆಲಸಕ್ಕೆ ಇಂಟರ್‌ವ್ಯೂಗೆ ಹೋಗಿದ್ದೆ. ಬೆಳಿಗ್ಗೆ ಬೇಗ ಎದ್ದು ವಾಮದಪದವಿನಿಂದ ಬಿ.ಸಿ.ರೋಡಿಗೆ ಒಂದು ಬಸ್ಸು, ಅಲ್ಲಿಂದ ಮಂಗಳೂರಿಗೆ ಇನ್ನೊಂದು. ಎದುರು ಕೂತಿದ್ದ ಮೇಡಂ ಕೇಳಿದರು, 'ನಿಮ್ಮ ಕಮ್ಯೂಟ್ ಎಷ್ಟು?' ಅಂತ. ನನ್ನ ಕಿವಿಗೆ ಕೇಳಿದ್ದು ಕಂಪ್ಯೂಟರ್. 'ಹೌದು ಮೇಡಂ, ಟ್ಯಾಲಿ ಗೊತ್ತುಂಟು, ಎಕ್ಸೆಲ್ ಸಹ ಗೊತ್ತುಂಟು' ಅಂದೆ. ಅವರು ಪಾಪ ನಗಲಿಲ್ಲ. ಕೆಲಸ ಸಿಗಲಿಲ್ಲ.

ಕಮ್ಯೂಟ್ ಅಂದರೆ ದಿನಾ ಮನೆಯಿಂದ ಕೆಲಸಕ್ಕೆ ಹೋಗಿ ಬರುವ ಓಡಾಟ. ಟ್ರಿಪ್ ಬೇರೆ, ಜರ್ನಿ ಬೇರೆ. ಧರ್ಮಸ್ಥಳಕ್ಕೆ ಒಂದು ದಿವಸ ಹೋಗಿ ಬಂದರೆ ಟ್ರಿಪ್. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತುವುದು ಜರ್ನಿ. ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಮಂಗಳೂರಿಗೆ ಹೋಗಿ ಬರುವುದು ಕಮ್ಯೂಟ್. ಈ ಪದದ ಮೂಲ ಗೊತ್ತಾದ ಮೇಲೆ ನನಗೆ ಮತ್ತೂ ಬೇಜಾರಾಯಿತು, ಯಾಕೆಂದರೆ ಅದು ನಮ್ಮ ಕಾಮರ್ಸ್‌ನ ಪದವೇ. ಕಮ್ಯೂಟ್ ಅಂದರೆ ಒಂದನ್ನು ಇನ್ನೊಂದಕ್ಕೆ ಬದಲಾಯಿಸುವುದು, ಇಳಿಸುವುದು. ಮರಣದಂಡನೆಯನ್ನು ಜೀವಾವಧಿಗೆ ಇಳಿಸಿದರೆ ಅದು ಕಮ್ಯೂಟ್. ತಿಂಗಳು ತಿಂಗಳು ಬರುವ ಪಿಂಚಣಿಯ ಒಂದು ಭಾಗವನ್ನು ಒಟ್ಟು ಮೊತ್ತವಾಗಿ ತೆಗೆದುಕೊಂಡರೆ ಕಮ್ಯೂಟೆಡ್ ಪೆನ್ಶನ್. ಅಮೆರಿಕದ ರೈಲುಗಳಲ್ಲಿ ದಿನಾ ಟಿಕೆಟ್ ತೆಗೆಯುವ ಬದಲು ಕಡಿಮೆ ದರದ ಒಂದೇ ಪಾಸ್ ಕೊಟ್ಟರು, ಅದರ ಹೆಸರು ಕಮ್ಯುಟೇಶನ್ ಟಿಕೆಟ್. ಆ ಪಾಸಿನವರು ಕಮ್ಯೂಟರ್‌ಗಳಾದರು. ಅಂದರೆ ಕಾಲೇಜಿಗೆ ಬಸ್ ಪಾಸ್ ಮಾಡಿಸಿದ ನಾವೆಲ್ಲ ಅಸಲಿ ಕಮ್ಯೂಟರ್‌ಗಳು. ಪದ ಗೊತ್ತಿರಲಿಲ್ಲ, ಅಷ್ಟೆ.

ಆಮೇಲೆ ಬೇರೆ ಕಡೆ ಕೆಲಸ ಸಿಕ್ಕಿತು. ಸಾಲ ಮಾಡಿ ಒಂದು ಸ್ಕೂಟರ್ ತೆಗೆದೆ. ನಮ್ಮ ಮನೆಯ ಮೊದಲ ಗಾಡಿ. ಬಿ.ಸಿ.ರೋಡಿನವರೆಗೆ ಸ್ಕೂಟರ್, ಅಲ್ಲಿಂದ ಬಸ್ಸು. ಭಾನುವಾರ ಅಮ್ಮ ಹಿಂದೆ ಕೂತುಕೊಳ್ತಿದ್ದರು, ಒಂದೇ ಬದಿಗೆ ಕಾಲು ಹಾಕಿ, ಒಂದು ಕೈಯಲ್ಲಿ ನನ್ನ ಹೆಗಲು, ಇನ್ನೊಂದು ಕೈಯಲ್ಲಿ ಚೀಲ.

ಹೀಗೆ ಹಿಂದೆ ಕೂತವರಿಗೆ ಇಂಗ್ಲಿಷಿನಲ್ಲಿ 'ಪಿಲಿಯನ್ ರೈಡರ್' ಅಂತಾರೆ. ನಮ್ಮ ತುಳುವಿನ ಪಿಲಿಗೂ ಅದಕ್ಕೂ ಸಂಬಂಧ ಇಲ್ಲ, ಹುಲಿ ಸವಾರಿ ಅಲ್ಲ ಅದು. ಸ್ಕಾಟ್ಲೆಂಡಿನ ಭಾಷೆಯಿಂದ ಬಂದ ಪದ. ಕುದುರೆಯ ಜೀನಿನ ಹಿಂದೆ ಹಾಕುತ್ತಿದ್ದ ಮೆತ್ತೆ. ಹೆಚ್ಚಾಗಿ ಹೆಂಗಸರು ಅದರ ಮೇಲೆ ಕೂತುಕೊಳ್ತಿದ್ದರು. ಕುದುರೆ ಹೋಗಿ ಸ್ಕೂಟರ್ ಬಂತು, ಕೂರುವ ಜಾಗ ಮಾತ್ರ ಅದೇ. ಈ ಪದವನ್ನು ನೆನಪಿಟ್ಟುಕೊಳ್ಳಿ, ಪುನಃ ಬರ್ತದೆ.

ಮರುವರ್ಷದ ಜೂನ್. ರಾತ್ರಿ ಗಾಳಿಮಳೆ. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದ ಬದಿಯ ಹಲಸಿನ ಮರದ ಗೆಲ್ಲು ಮುರಿದು ಸ್ಕೂಟರಿನ ಮೇಲೆ ಬಿದ್ದಿದೆ. ಹ್ಯಾಂಡಲ್ ಬೆಂಡಾಗಿದೆ, ಹೆಡ್‌ಲೈಟ್ ಪುಡಿ, ಮುಂದಿನ ಪ್ಲಾಸ್ಟಿಕ್ ಎಲ್ಲ ಚೂರು. ಅಪ್ಪ ಸುಮ್ಮನೆ ನೋಡ್ತಾ ನಿಂತಿದ್ದರು. ನಾನೇ ಧೈರ್ಯ ಹೇಳಿದೆ, 'ಇನ್ಶೂರೆನ್ಸ್ ಉಂಟಪ್ಪ, ಐದು ವರ್ಷಕ್ಕೆ ಉಂಟು' ಅಂತ. ಪಾಲಿಸಿ ತೆಗೆದು ತೋರಿಸಿದೆ. ತಾರೀಕು ಇತ್ತು, ಐದು ವರ್ಷ ಮುಂದಿನದ್ದು.

ಕಂಪನಿಗೆ ಫೋನ್ ಮಾಡಿದರೆ ಆ ಕಡೆಯವರು ಮರ್ಯಾದೆಯಲ್ಲೇ ಹೇಳಿದರು, 'ಮೇಡಂ, ನಿಮ್ಮ ಓನ್ ಡ್ಯಾಮೇಜ್ ಏಪ್ರಿಲ್‌ನಲ್ಲೇ ಮುಗಿದಿದೆ' ಅಂತ. ನಾನು ಪುನಃ ಪಾಲಿಸಿ ನೋಡಿದೆ. ಹೌದು. ಒಂದೇ ಹಾಳೆಯಲ್ಲಿ ಎರಡು ತಾರೀಕು. ಒಂದರ ಎದುರು 'ಲಯಬಿಲಿಟಿ' ಅಂತ, ಅದು ಐದು ವರ್ಷ. ಇನ್ನೊಂದರ ಎದುರು 'ಓನ್ ಡ್ಯಾಮೇಜ್' ಅಂತ, ಅದು ಒಂದೇ ವರ್ಷ.

ಯಾರೂ ನನಗೆ ಮೋಸ ಮಾಡಿರಲಿಲ್ಲ. ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ತೆಗೆಯಬೇಕು ಅಂತ ಆಯಿತು. ಓನ್ ಡ್ಯಾಮೇಜನ್ನು ಸಾಮಾನ್ಯವಾಗಿ ಒಂದು ವರ್ಷಕ್ಕೆ ಸೇರಿಸಿ ಕೊಡ್ತಾರೆ. ಎರಡೂ ಒಂದೇ ಕಾಗದದಲ್ಲಿ ಇರ್ತದೆ. ದೊಡ್ಡ ತಾರೀಕನ್ನು ನೋಡಿ ನಾನು ನೆಮ್ಮದಿಯಲ್ಲಿ ಮಲಗಿದ್ದೆ.

ರಿಪೇರಿಗೆ ಹನ್ನೊಂದು ಸಾವಿರ ಚಿಲ್ಲರೆ ಆಯಿತು. ತಮ್ಮನ ಫೀಸಿಗೆ ಅಂತ ಎತ್ತಿಟ್ಟ ಹಣ. ಆ ದಿವಸ ಅಪ್ಪ ಬೈಯಲಿಲ್ಲ. 'ನೀನು ಓದಿದವಳಲ್ವಾ ಮಗಾ, ಅದರಲ್ಲಿ ಎಂತ ಬರ್ದಿದ್ದಾರೆ ಅಂತ ನನಗೂ ಸ್ವಲ್ಪ ಹೇಳು' ಅಂದರು. ಬೈದಿದ್ದರೆ ಒಳ್ಳೆಯದಿತ್ತು. ಡಿಗ್ರಿಯಲ್ಲಿ ಇನ್ಶೂರೆನ್ಸ್ ಪಾಠದಲ್ಲಿ 'ಇಂಡೆಮ್ನಿಟಿ ತತ್ವ ವಿವರಿಸಿ' ಅಂತ ಪ್ರಶ್ನೆ ಬಂದರೆ ಎರಡು ಪುಟ ಬರೆದು ಮಾರ್ಕ್ ತೆಗೆದವಳು ನಾನು. ಆದರೆ ಒಂದು ನಿಜವಾದ ಪಾಲಿಸಿಯನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಒಮ್ಮೆಯೂ ಓದಿರಲಿಲ್ಲ.

ಆವತ್ತು ರಾತ್ರಿ ಅಪ್ಪನಿಗೆ ಓದಿ ಹೇಳಲಿಕ್ಕೆ ಕೂತೆ. 'ಥರ್ಡ್ ಪಾರ್ಟಿ ಅಂದರೆ ಮೂರನೇ ದರ್ಜೆಯದ್ದಾ?' ಅಂತ ಅಪ್ಪ ಕೇಳಿದರು. ಟ್ರೈನಿನ ಥರ್ಡ್ ಕ್ಲಾಸ್ ನೋಡಿದವರು ಅವರು, ಅವರ ಲೆಕ್ಕ ಅದು. ಅಲ್ಲ. ಫಸ್ಟ್ ಪಾರ್ಟಿ ನಾವು, ಪಾಲಿಸಿ ತೆಗೆದವರು. ಸೆಕೆಂಡ್ ಪಾರ್ಟಿ ಕಂಪನಿ. ಥರ್ಡ್ ಪಾರ್ಟಿ ಅಂದರೆ ನಮ್ಮ ಗಾಡಿಯಿಂದ ಪೆಟ್ಟಾದ, ನಷ್ಟವಾದ ಹೊರಗಿನ ಮನುಷ್ಯ. ಅವನಿಗೆ ನಾವು ಕೊಡಬೇಕಾದ್ದನ್ನು ಕಂಪನಿ ಕೊಡುವುದು ಥರ್ಡ್ ಪಾರ್ಟಿ ವಿಮೆ. ಅದು ಕಾನೂನಿನಲ್ಲಿ ಕಡ್ಡಾಯ. ನಮ್ಮ ಗಾಡಿಗೇ ಆದ ಹಾನಿ, ಅದು ಓನ್ ಡ್ಯಾಮೇಜ್. ಅದು ಕಡ್ಡಾಯ ಅಲ್ಲ. ಎರಡೂ ಸೇರಿದರೆ 'ಕಾಂಪ್ರಹೆನ್ಸಿವ್'. ಶಾಲೆಯಲ್ಲಿ ಕಾಂಪ್ರಹೆನ್ಶನ್ ಅಂದರೆ ಓದಿ ಅರ್ಥ ಮಾಡಿಕೊಳ್ಳುವುದು. ಇಲ್ಲಿ ಕಾಂಪ್ರಹೆನ್ಸಿವ್ ಅಂದರೆ ಎಲ್ಲವನ್ನೂ ಒಳಗೊಂಡದ್ದು. ಆದರೆ ನಿಜಕ್ಕೂ ಎಲ್ಲವೂ ಒಳಗೆ ಇರುವುದಿಲ್ಲ, ಅದನ್ನೂ ಹೇಳ್ತೇನೆ.

ಅದಕ್ಕಿಂತ ಮೊದಲು ಪಿಲಿಯನ್. ಆ ರಾತ್ರಿ ನನ್ನ ಹೊಟ್ಟೆ ತಣ್ಣಗಾದದ್ದು ಹನ್ನೊಂದು ಸಾವಿರಕ್ಕಲ್ಲ. ಗಾಡಿಯಲ್ಲಿ ಹಿಂದೆ ಕೂತವರು ಥರ್ಡ್ ಪಾರ್ಟಿಯಾ? ನಾನು ಹೌದು ಅಂತಲೇ ತಿಳಿದಿದ್ದೆ. ಆದರೆ ಕಾನೂನು ಕಡ್ಡಾಯ ಮಾಡಿದ ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಹಾಗೆ ಸುಮ್ಮನೆ ಹಿಂದೆ ಕೂತು ಬಂದವರ ಜವಾಬ್ದಾರಿ ಕಂಪನಿಗೆ ಬರುವುದಿಲ್ಲ ಅಂತ 2006ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಂಪ್ರಹೆನ್ಸಿವ್ ಪಾಲಿಸಿ ಇದ್ದರೆ ಹಿಂದೆ ಕೂತವರೂ ಅದರಲ್ಲಿ ಬರ್ತಾರೆ. ಪಾಲಿಸಿಯಲ್ಲಿ ಇನ್ನೊಂದು ಸಾಲು ಇತ್ತು, 'ಓನರ್ ಡ್ರೈವರ್' ಪರ್ಸನಲ್ ಆಕ್ಸಿಡೆಂಟ್ 15 ಲಕ್ಷ. ಅದು ನನಗೆ, ಗಾಡಿ ನನ್ನ ಹೆಸರಿನಲ್ಲಿ ಇದ್ದು, ಲೈಸೆನ್ಸ್ ಇಟ್ಟುಕೊಂಡು ನಾನೇ ಓಡಿಸುವಾಗ ಮಾತ್ರ. ಅದರಲ್ಲಿ ಅಮ್ಮ ಇಲ್ಲ.

ಏಪ್ರಿಲ್‌ನಿಂದ ಜೂನ್‌ವರೆಗೆ ಅಮ್ಮ ಎಷ್ಟು ಸಲ ಆ ಸೀಟಿನಲ್ಲಿ ಕೂತಿದ್ದರು ಅಂತ ನಾನು ಲೆಕ್ಕ ಹಾಕಿದೆ. ಪುಂಜಾಲಕಟ್ಟೆಗೆ, ಸಿದ್ದಕಟ್ಟೆಗೆ, ಒಮ್ಮೆ ಮೂಡಬಿದಿರೆಯವರೆಗೆ ಮದುವೆಗೆ. ಏನೂ ಆಗಲಿಲ್ಲ, ದೇವರು ದೊಡ್ಡವನು. ಆಗಿದ್ದರೆ? ಅದನ್ನು ಯೋಚಿಸಿದರೆ ಹಲಸಿನ ಗೆಲ್ಲು ಬಿದ್ದದ್ದೇ ಒಳ್ಳೆಯದಾಯಿತು ಅಂತ ನನಗೆ ಈಗಲೂ ಅನಿಸ್ತದೆ.

ಈಗ ಇನ್ನೂ ನಾಲ್ಕು ಪದ, ಬೇಗ ಬೇಗ.

ಒಂದು, 'ಐಡಿವಿ'. ಇನ್ಶೂರ್ಡ್ ಡಿಕ್ಲೇರ್ಡ್ ವ್ಯಾಲ್ಯೂ. ಗಾಡಿ ಕಳವಾದರೆ, ಪೂರ್ತಿ ಹಾಳಾದರೆ ಕಂಪನಿ ಲೆಕ್ಕ ಹಾಕುವುದು ಈ ಮೊತ್ತದ ಮೇಲೆ. ನೀವು ಕೊಟ್ಟ ಆನ್‌ರೋಡ್ ಬೆಲೆ ಅಲ್ಲ ಅದು. ವರ್ಷ ಹೋದ ಹಾಗೆ ಇಳಿಯುತ್ತದೆ. ರೂಢಿಯ ಪಟ್ಟಿಯ ಪ್ರಕಾರ ಒಂದರಿಂದ ಎರಡು ವರ್ಷದ ಗಾಡಿಗೆ ಶೇ. 20 ಕಡಿತ, ನಾಲ್ಕರಿಂದ ಐದು ವರ್ಷದ್ದಕ್ಕೆ ಶೇ. 50. ಕಾಮರ್ಸ್‌ನವರಿಗೆ ಗೊತ್ತುಂಟು, ಇದೇ ಡಿಪ್ರಿಸಿಯೇಶನ್. ಕಡಿಮೆ ಪ್ರೀಮಿಯಂ ಆಗ್ತದೆ ಅಂತ ಯಾರಾದರೂ ಐಡಿವಿ ಇಳಿಸಿ ಕೊಟ್ಟರೆ ಖುಷಿ ಪಡಬೇಡಿ, ಸಿಗುವ ಮೊತ್ತವೂ ಇಳಿಯಿತು ಅಂತ ಅರ್ಥ. ಬಿಡಿಭಾಗಕ್ಕೂ ಈ ಲೆಕ್ಕ ಉಂಟು. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಹಣ ಕಡಿತ. 'ಝೀರೋ ಡೆಪ್' ಅಂತ ಕೇಳಿರ್ತೀರಿ. ಸ್ವಲ್ಪ ಹೆಚ್ಚು ಕೊಟ್ಟು ಈ ಕಡಿತವನ್ನು ತಪ್ಪಿಸಿಕೊಳ್ಳುವುದು ಅದು.

ಎರಡು, 'ಹೈಡ್ರೋಸ್ಟಾಟಿಕ್ ಲಾಕ್'. ನೇತ್ರಾವತಿ ತುಂಬಿ ಬಂಟ್ವಾಳ ಪೇಟೆಯ ತಗ್ಗು ಜಾಗಕ್ಕೆ ನೀರು ಬಂದದ್ದು ನಾವು ನೋಡಿದ್ದೇವೆ. ನೀರಿನಲ್ಲಿ ನಿಂತ ಗಾಡಿಯ ಇಂಜಿನ್ನಿನ ಒಳಗೆ ನೀರು ಹೋಗಿರ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಿಕ್ಕೆ ಆಗುವುದಿಲ್ಲ. ನೀವು ಸ್ಟಾರ್ಟ್ ಮಾಡಿದ ಕೂಡಲೇ ಪಿಸ್ಟನ್ ಆ ನೀರಿಗೆ ಹೊಡೆದು ರಾಡ್ ಬೆಂಡಾಗ್ತದೆ. ಪ್ರವಾಹದಿಂದ ಆದ ಹಾನಿ ಕಾಂಪ್ರಹೆನ್ಸಿವ್‌ನಲ್ಲಿ ಬರ್ತದೆ. ಆದರೆ ನೀವು ಸ್ಟಾರ್ಟ್ ಮಾಡಿದ್ದರಿಂದ ಆದ ಹಾನಿಯನ್ನು 'ಕಾನ್ಸಿಕ್ವೆನ್ಶಿಯಲ್ ಲಾಸ್' ಅಂತಾರೆ, ಅಂದರೆ ಅದರ ಹಿಂದಿನಿಂದ ಬಂದ ನಷ್ಟ. ಇಂಜಿನ್ ಪ್ರೊಟೆಕ್ಟ್ ಅಂತ ಬೇರೆ ತೆಗೆಯದಿದ್ದರೆ ಸಾಮಾನ್ಯವಾಗಿ ಅದಕ್ಕೆ ಹಣ ಇಲ್ಲ. ಹಾಗಾಗಿ ನೀರು ಹೊಕ್ಕ ಗಾಡಿಯನ್ನು ಸ್ಟಾರ್ಟ್ ಮಾಡಬೇಡಿ, ಎಳೆದುಕೊಂಡು ಹೋಗಿ.

ಮೂರು, 'ಹೈಪಾಥಿಕೇಶನ್'. ನಮ್ಮ ಅವಿಭಜಿತ ದಕ್ಷಿಣ ಕನ್ನಡ ಬ್ಯಾಂಕುಗಳ ತೊಟ್ಟಿಲು ಅಂತ ಹೆಮ್ಮೆ ಪಡ್ತೇವೆ. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ, ಎಲ್ಲ ಇಲ್ಲೇ ಹುಟ್ಟಿದವು. ಆದರೆ ಆರ್‌ಸಿಯಲ್ಲಿ ಈ ಪದ ಯಾಕೆ ಉಂಟು ಅಂತ ಕೇಳಿದರೆ ತುಂಬಾ ಜನರಿಗೆ ಗೊತ್ತಿಲ್ಲ. ಚಿನ್ನ ಅಡವಿಟ್ಟರೆ ಚಿನ್ನ ಬ್ಯಾಂಕಿನ ಲಾಕರಿನಲ್ಲಿ. ಗಾಡಿ ಸಾಲದಲ್ಲಿ ಗಾಡಿ ನಿಮ್ಮ ಅಂಗಳದಲ್ಲೇ, ಹಕ್ಕು ಮಾತ್ರ ಬ್ಯಾಂಕಿನದ್ದು ಅಂತ ಆರ್‌ಸಿಯಲ್ಲಿ ಬರೆದಿರ್ತದೆ. ಅದೇ ಹೈಪಾಥಿಕೇಶನ್. ಕೊನೆಯ ಕಂತು ಕಟ್ಟಿದ ಕೂಡಲೇ ಅದು ತನ್ನಿಂದ ತಾನೇ ಅಳಿಸಿ ಹೋಗುವುದಿಲ್ಲ. ಬ್ಯಾಂಕಿನಿಂದ ಎನ್‌ಒಸಿ ಮತ್ತು ಫಾರ್ಮ್ 35 ತೆಗೆದುಕೊಂಡು ಆರ್‌ಟಿಒದಲ್ಲಿ ತೆಗೆಸಬೇಕು. ನಮ್ಮ ಬಂಟ್ವಾಳಕ್ಕೇ ಈಗ ಕೆಎ 70 ಅಂತ ಬೇರೆ ಕಚೇರಿ ಉಂಟು. ಎನ್‌ಒಸಿಯನ್ನು ಕಪಾಟಿನಲ್ಲಿ ಇಟ್ಟು ಮರೆತರೆ ಅದರ ಅವಧಿ ಮುಗಿದು ಪುನಃ ಬ್ಯಾಂಕಿಗೆ ಅಲೆಯಬೇಕು.

ನಾಲ್ಕನೆಯದ್ದು ಹಣದ ಪದ ಅಲ್ಲ. ಬಂಟ್ವಾಳದಿಂದ ಪುಂಜಾಲಕಟ್ಟೆ, ಬೆಳ್ತಂಗಡಿಯಾಗಿ ಚಾರ್ಮಾಡಿಗೆ ಹೋಗುವ ಹೆದ್ದಾರಿ 73ರಲ್ಲಿ ಓಡಾಡುವವರಿಗೆ ಗೊತ್ತುಂಟು, ಬೈಕ್ ಬಿದ್ದರೆ ಇಪ್ಪತ್ತು ಜನ ಸೇರ್ತಾರೆ, ಎತ್ತುವವರು ಇಬ್ಬರು. ಉಳಿದವರು ಕೆಟ್ಟವರಲ್ಲ, ಪೊಲೀಸ್ ಸ್ಟೇಷನ್, ಕೋರ್ಟು ಅಂತ ಹೆದರ್ತಾರೆ. ಅವರಿಗೆ ಗೊತ್ತಿರಬೇಕಾದ ಪದ 'ಗುಡ್ ಸಮಾರಿಟನ್'. ದಾರಿಯಲ್ಲಿ ಗಾಯಗೊಂಡು ಬಿದ್ದ ಅಪರಿಚಿತನಿಗೆ ಸಹಾಯ ಮಾಡಿದ ಒಬ್ಬನ ಕಥೆ ಬೈಬಲಿನಲ್ಲಿ ಉಂಟು, ಪದ ಅಲ್ಲಿಂದ ಬಂತು. 2019ರಲ್ಲಿ ತಿದ್ದುಪಡಿಯಾದ ನಮ್ಮ ಮೋಟಾರು ವಾಹನ ಕಾಯ್ದೆಯ 134ಎ ಕಲಂನಲ್ಲೂ ಅದೇ ಪದ ಉಂಟು. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ, ಸಹಾಯ ಮಾಡುವಾಗ ಆದ ತಪ್ಪಿಗೆ ಕೇಸು ಹಾಕುವ ಹಾಗಿಲ್ಲ. ಹೆಸರು, ವಿಳಾಸ ಕೊಡಿ ಅಂತ ಒತ್ತಾಯ ಮಾಡುವ ಹಾಗಿಲ್ಲ. 'ಗೋಲ್ಡನ್ ಅವರ್' ಸಹ ಕಾಯ್ದೆಯಲ್ಲಿ ಉಂಟು, ಗಂಭೀರ ಪೆಟ್ಟಾದ ಮೇಲಿನ ಮೊದಲ ಒಂದು ಗಂಟೆ. ಆ ಒಂದು ಗಂಟೆಯಲ್ಲಿ ವಿಡಿಯೋ ಮಾಡುವ ಮೊಬೈಲಿನಲ್ಲೇ 108 ಅಥವಾ 112ಕ್ಕೆ ಫೋನ್ ಮಾಡ್ಲಿಕ್ಕೂ ಆಗ್ತದೆ.

ಮುಗಿಸ್ತೇನೆ. ಇಂಗ್ಲಿಷ್ ಕಲಿಯಬೇಕಾದ್ದು ಇಂಟರ್‌ವ್ಯೂನಲ್ಲಿ ಚಂದ ಮಾತಾಡ್ಲಿಕ್ಕೆ ಅಂತ ನಾನು ಮೊದಲು ತಿಳಿದಿದ್ದೆ. ಅದೂ ಬೇಕು. ಆದರೆ ಮಾತಿನಲ್ಲಿ ತಪ್ಪಿದರೆ ನಾಚಿಕೆ ಆಗ್ತದೆ, ನಾಳೆಗೆ ಮರೆತು ಹೋಗ್ತದೆ. ಸಹಿ ಹಾಕಿದ ಕಾಗದದಲ್ಲಿ ಗೊತ್ತಿಲ್ಲದ ಪದ ಇದ್ದರೆ ಅದು ಮರೆಯುವುದಿಲ್ಲ, ಏಪ್ರಿಲ್‌ನಲ್ಲಿ ಸುಮ್ಮನೆ ಇದ್ದು ಜೂನ್‌ನಲ್ಲಿ ಎದ್ದು ನಿಲ್ತದೆ. ನಮ್ಮ ಮನೆಗಳಲ್ಲಿ ಆ ಕಾಗದ ಓದಬಲ್ಲವರು ಅಂತ ಇರುವುದು ಹೆಚ್ಚಾಗಿ ನಾವೇ, ಈ ಮೊಬೈಲ್ ಹಿಡಿದವರು.

ಹಾಗಾಗಿ ಇವತ್ತು ಒಂದು ಸಣ್ಣ ಮನೆಕೆಲಸ. ಮನೆಯ ಗಾಡಿಯ ಪಾಲಿಸಿ ತೆಗೆಯಿರಿ. ಮೊಬೈಲಿನಲ್ಲಿ ಪಿಡಿಎಫ್ ಇರ್ತದೆ, ಇಲ್ಲದಿದ್ದರೆ ಸೀಟಿನ ಅಡಿಯ ಪ್ಲಾಸ್ಟಿಕ್ ಚೀಲದಲ್ಲಿ. ಮೂರು ಜಾಗ ನೋಡಿ: ಓನ್ ಡ್ಯಾಮೇಜ್‌ನ ತಾರೀಕು, ಐಡಿವಿ, ಹಿಂದೆ ಕೂತವರ ಹೆಸರಿನಲ್ಲಿ ಏನಾದರೂ ಉಂಟಾ ಅಂತ. ಅರ್ಥ ಆದದ್ದನ್ನು ಅಪ್ಪ ಅಮ್ಮನಿಗೆ ಮನೆಯ ಭಾಷೆಯಲ್ಲಿ ಹೇಳಿ, ತುಳುವೋ ಕನ್ನಡವೋ ಬ್ಯಾರಿಯೋ ಕೊಂಕಣಿಯೋ.

ಪಾಲಿಸಿಯಲ್ಲಿ ಓನ್ ಡ್ಯಾಮೇಜನ್ನು ಚಿಕ್ಕದಾಗಿ ಓಡಿ ಅಂತ ಬರೆದಿರ್ತಾರೆ. ನನ್ನ ಅಪ್ಪನಿಗೆ ಈಗ ಅದು ಬಾಯಿಪಾಠ. ಮಾರ್ಚ್ ತಿಂಗಳು ಬಂದರೆ ಸಾಕು, ಊಟಕ್ಕೆ ಕೂತಲ್ಲಿಂದಲೇ ಕೇಳ್ತಾರೆ, 'ಮಗಾ, ಸ್ಕೂಟರಿನ ಓಡಿ ಉಂಟಾ, ಓಡಿ ಹೋಯಿತಾ?' ಅಂತ. ಉಂಟಪ್ಪ, ಈ ವರ್ಷವೂ ಉಂಟು.

ಮುಂದಿನ ಎಪಿಸೋಡ್‌ನಲ್ಲಿ ಸಿಗುವ. ಹೆಲ್ಮೆಟ್ ಹಾಕಿಕೊಳ್ಳಿ, ಹಿಂದೆ ಕೂತವರಿಗೂ ಹಾಕಿಸಿ. ನಮಸ್ಕಾರ.